ಸರ್ವಾಧಿಕಾರಿ: ಒಂದು ಬಿರುದು ಕೆಟ್ಟ ಕಥೆ

ಶ್ರವಣಬೆಳಗೊಳದ ಊರೊಳಗೆ ಭಂಡಾರಿ ಬಸದಿ ಇದೆ. ಇಪ್ಪತ್ತನಾಲ್ಕು ತೀರ್ಥಂಕರರನ್ನು ಸಾಲಾಗಿ ನಿಲ್ಲಿಸಿರುವ ಈ ಬಸದಿಯನ್ನು 1159ರಲ್ಲಿ ಕಟ್ಟಿಸಿದವನು ಹುಳ್ಳ, ಹೊಯ್ಸಳ ದೊರೆ ಒಂದನೆಯ ನರಸಿಂಹನ ಭಂಡಾರಿ. ನರಸಿಂಹ ಇಲ್ಲಿಗೆ ಬಂದು ಬಸದಿಗೆ ‘ಭವ್ಯಚೂಡಾಮಣಿ’ ಎಂದು ಹೆಸರಿಟ್ಟು, ಸವಣೇರು ಎಂಬ ಊರನ್ನು ದತ್ತಿ ಬಿಟ್ಟ. ಶಾಸನದಲ್ಲಿ ಹುಳ್ಳನ ಹೆಸರಿನ ಹಿಂದೆ ಮಹಾಪ್ರಧಾನ, ಹಿರಿಯ ಭಂಡಾರಿ ಎಂಬ ಬಿರುದುಗಳ ಜೊತೆಗೆ ಇನ್ನೊಂದೂ ಇದೆ: ಸರ್ವಾಧಿಕಾರಿ.

ಹುಳ್ಳ ಅದನ್ನು ಹೆಮ್ಮೆಯಿಂದಲೇ ಕಲ್ಲಿಗೆ ಹಾಕಿಸಿರಬೇಕು. ಇವತ್ತು ಯಾವ ಮಂತ್ರಿಯೂ ತನ್ನ ಅಡಿಗಲ್ಲಿನ ಮೇಲೆ ಆ ಪದ ಕೆತ್ತಿಸಲಾರ. ಯಾರಾದರೂ ಅವನನ್ನು ಹಾಗೆ ಕರೆದರೆ ಮಾನನಷ್ಟದ ಮಾತಾಡಿಯಾನು. ಅಕ್ಷರ ಬದಲಾಗಿಲ್ಲ, ಬಿಡಿಸಿದರೆ ಸಿಗುವ ಅರ್ಥವೂ ಬದಲಾಗಿಲ್ಲ. ಎಂಟೂವರೆ ಶತಮಾನದಲ್ಲಿ ಗೌರವದ ಹುದ್ದೆಯೊಂದು ಆಪಾದನೆಯ ಮಾತಾಗಿಬಿಟ್ಟಿದೆ. ಇದು ಹೇಗಾಯಿತು ಎಂದು ಹುಡುಕುತ್ತ ಹೋದರೆ ಭಾಷೆಯಷ್ಟೇ ರಾಜಕೀಯವೂ ಎದುರಾಗುತ್ತದೆ.

ಮೊದಲು ಪದದ ಬುಡ ನೋಡೋಣ. ‘ಸರ್ವ’ ಎಂಬುದಕ್ಕೆ ವಿವರಣೆ ಬೇಡ. ‘ಅಧಿಕಾರ’ದಲ್ಲಿ ಮಾತ್ರ ನಾವು ಮರೆತ ಒಂದು ಅಂಶ ಉಳಿದಿದೆ. ಪಾಣಿನಿಯ ವ್ಯಾಕರಣದಲ್ಲಿ ಅಧಿಕಾರ ಸೂತ್ರ ಎಂಬ ಒಂದು ಬಗೆಯ ಸೂತ್ರವಿದೆ. ಅಂಥ ಒಂದು ಸೂತ್ರ ಹೇಳಿದ ಮಾತು ಅದರ ಮುಂದೆ ಬರುವ ಎಲ್ಲ ಸೂತ್ರಗಳಿಗೂ ಅನ್ವಯಿಸುತ್ತದೆ, ಆದರೆ ಒಂದು ಎಲ್ಲೆಯವರೆಗೆ ಮಾತ್ರ. ಮೂರನೆಯ ಅಧ್ಯಾಯದ ಮೊದಲಲ್ಲಿ ತೊಡಗುವ ಪ್ರತ್ಯಯಾಧಿಕಾರ ಐದನೆಯ ಅಧ್ಯಾಯದ ಕೊನೆಗೆ ಮುಗಿದುಹೋಗುತ್ತದೆ. ಅಲ್ಲಿಂದಾಚೆ ಅದರ ಆಳ್ವಿಕೆ ಇಲ್ಲ. ಮೀಮಾಂಸೆಯಲ್ಲಿ ಅಧಿಕಾರ ಎಂದರೆ ಒಂದು ಕರ್ಮವನ್ನು ಮಾಡಲು ಬೇಕಾದ ಅರ್ಹತೆ. ವೇದಾಂತದಲ್ಲಿ ಅಧಿಕಾರಿ ಎಂದರೆ ವಿದ್ಯೆಯನ್ನು ಪಡೆಯಲು ಯೋಗ್ಯನಾದ ಸಾಧಕ. ಈ ಮೂರೂ ಕಡೆ ಅಧಿಕಾರಕ್ಕೆ ಒಂದು ಗಡಿಯಿದೆ, ಅದನ್ನು ಹೊಂದಿದವನ ಮೇಲೆ ಒಂದು ಹೊಣೆಯಿದೆ. ಹುಳ್ಳನ ಬಿರುದನ್ನು ಓದಬೇಕಾದದ್ದು ಈ ಬೆಳಕಿನಲ್ಲಿ.

ಹೊಯ್ಸಳರ ಆಡಳಿತದಲ್ಲಿ ಹುದ್ದೆಗಳ ಹೆಸರು ಒಂದರ ಮೇಲೊಂದು ಪೇರಿಸಿಕೊಂಡಿರುತ್ತವೆ. ಮಹಾಪ್ರಧಾನ, ಸೇನಾಧಿಪತಿ, ಹಿರಿಯ ದಂಡನಾಯಕ, ಬಾಹತ್ತರ ನಿಯೋಗಾಧಿಪತಿ, ಹೀಗೆ. ಒಬ್ಬನೇ ವ್ಯಕ್ತಿ ಇವುಗಳಲ್ಲಿ ಮೂರು ನಾಲ್ಕನ್ನು ಹೊತ್ತಿರುತ್ತಿದ್ದ. ಸರ್ವಾಧಿಕಾರಿ ಎಂದರೆ ಎಲ್ಲ ಇಲಾಖೆಗಳ ಮೇಲೂ ಕೈ ಇರುವ ಮೇಲಧಿಕಾರಿ. ಖಜಾನೆ, ಸೇನೆ, ದತ್ತಿ ಎಲ್ಲದರಲ್ಲೂ ಅವನ ಮಾತು ನಡೆಯುತ್ತಿತ್ತು. ಆದರೆ ಅವನ ನೆತ್ತಿಯ ಮೇಲೆ ಅರಸ ಇದ್ದ. ಅರಸ ಕರೆದಾಗ ಹೋಗಿ ಲೆಕ್ಕ ಒಪ್ಪಿಸಬೇಕಿತ್ತು. ಆ ಕಾಲದ ಮಂತ್ರಿ, ಸೇನಾನಿಗಳು ಒಡೆಯನಿಗೆ ಎಷ್ಟು ಕಟ್ಟುಬಿದ್ದಿದ್ದರು ಎಂಬುದಕ್ಕೆ ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬಳಿಯ ಕಂಬಶಾಸನವೇ ಸಾಕ್ಷಿ: ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ ಹೆಂಡತಿ ಸುಗ್ಗಲದೇವಿಯೊಂದಿಗೆ, ತನ್ನ ಪಡೆಯವರೊಂದಿಗೆ ಪ್ರಾಣ ಬಿಟ್ಟ. ಆ ಬಗೆಯ ನಿಷ್ಠೆಯನ್ನು ಇಂದು ನಾನು ಆದರ್ಶವೆಂದು ಹೇಳಲಾರೆ. ಆದರೂ ದೊಡ್ಡ ಅಧಿಕಾರ ಕೈಯಲ್ಲಿದ್ದವನೂ ತನ್ನನ್ನು ಇನ್ನೊಬ್ಬನಿಗೆ ಬದ್ಧನೆಂದು ಭಾವಿಸುತ್ತಿದ್ದ ಕಾಲ ಅದು.

ಪದ ಕನ್ನಡ ನಾಡಿನಲ್ಲಷ್ಟೇ ಇರಲಿಲ್ಲ. ಕಾಶ್ಮೀರದಲ್ಲಿ 12ನೇ ಶತಮಾನದ ಕಲ್ಹಣನ ‘ರಾಜತರಂಗಿಣಿ’ಯಲ್ಲಿ ಸರ್ವಾಧಿಕಾರ ಎಂದರೆ ಪ್ರಧಾನಮಂತ್ರಿಯ ಪದವಿ. ಅದನ್ನು ಪಡೆದವರಲ್ಲಿ ಅಚ್ಚರಿ ಹುಟ್ಟಿಸುವ ಹೆಸರು ತುಂಗನದು. ಪೂಂಛ್ ಸೀಮೆಯಲ್ಲಿ ಎಮ್ಮೆ ಕಾಯುತ್ತಿದ್ದ ಖಶ ಕುಲದ ಹುಡುಗ ಅಣ್ಣತಮ್ಮಂದಿರೊಂದಿಗೆ ಕಾಶ್ಮೀರಕ್ಕೆ ಬಂದು, ಓಲೆ ಒಯ್ಯುವ ಕೆಲಸ ಹಿಡಿದು, ರಾಣಿ ದಿದ್ದಾಳ ಕಣ್ಣಿಗೆ ಬಿದ್ದು ಸರ್ವಾಧಿಕಾರಿಯಾದ. ಮುಂದೆ ಘಜ್ನಿಯ ಮಹಮೂದನೆದುರು ಸೈನ್ಯ ಕೊಂಡೊಯ್ದು ಸೋತು, ಕೊನೆಗೆ ಕೊಲೆಯಾದ. ಅಷ್ಟು ಎತ್ತರಕ್ಕೇರಿದ ತುಂಗನೂ ಕಾಶ್ಮೀರದಲ್ಲಿ ಅರಸನಾಗಲಿಲ್ಲ. ಅವನನ್ನು ಏರಿಸಿದ್ದು ರಾಣಿಯ ಮಾತು, ಅವನನ್ನು ಉಳಿಸಿದ್ದೂ ಅದೇ.

ಪದಕ್ಕೆ ಕಳಂಕ ಹತ್ತಿದ್ದು ನಮ್ಮ ಮೈಸೂರಿನಲ್ಲಿ, 18ನೇ ಶತಮಾನದಲ್ಲಿ ಎಂಬುದು ನನ್ನ ಎಣಿಕೆ. ಅಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಒಡೆಯರ ರಾಜ್ಯದಲ್ಲಿ ದಳವಾಯಿಯ ಪದವಿ ನಂಜನಗೂಡಿನ ಬಳಿಯ ಕಳಲೆಯ ಮನೆತನಕ್ಕೆ ಸಲ್ಲುತ್ತಿತ್ತು. ಸೇನೆ ದಳವಾಯಿಯ ಕೈಯಲ್ಲಿ, ಹಣಕಾಸು ಆಡಳಿತ ಸರ್ವಾಧಿಕಾರಿಯ ಕೈಯಲ್ಲಿ. ಈ ಎರಡು ಹುದ್ದೆಗಳೂ ಒಂದೇ ಮನೆಯೊಳಗೆ ಸೇರಿದಾಗ ಅರಮನೆಗೆ ಉಳಿದದ್ದು ಸಿಂಹಾಸನದ ಚಿನ್ನ ಮಾತ್ರ. 1732ರಲ್ಲಿ ಪಟ್ಟಕ್ಕೆ ಬಂದ ಚಾಮರಾಜ ಒಡೆಯರು ಈ ಹಿಡಿತದಿಂದ ಬಿಡಿಸಿಕೊಳ್ಳಲು ನೋಡಿದರು. ದಳವಾಯಿ ದೇವರಾಜಯ್ಯ ಮತ್ತು ಅವನ ಬಳಗ ಅವರನ್ನು ಪಟ್ಟದಿಂದಿಳಿಸಿ ಕಬ್ಬಾಳದುರ್ಗಕ್ಕೆ ಕಳಿಸಿತು. ಕನಕಪುರ ಸೀಮೆಯ ಆ ಕಡಿದಾದ ಬೆಟ್ಟ ಸೆರೆಯಾಳುಗಳ ಪಾಲಿಗೆ ಮೃತ್ಯುವೆಂದೇ ಹೆಸರಾಗಿತ್ತು. ಅರಸ 1734ರಲ್ಲಿ ಅಲ್ಲೇ ತೀರಿಕೊಂಡರು. ಅವರ ಜಾಗದಲ್ಲಿ ಬಾಲಕ ಇಮ್ಮಡಿ ಕೃಷ್ಣರಾಜರನ್ನು ಕೂರಿಸಿದರು.

ಮುಂದೆ ಸರ್ವಾಧಿಕಾರಿಯಾದವನು ದೇವರಾಜಯ್ಯನ ತಮ್ಮ ಕರಾಚೂರಿ ನಂಜರಾಜಯ್ಯ. ಈತನನ್ನು ಬರೀ ಕ್ರೂರಿ ಎಂದು ಬರೆದರೆ ಅನ್ಯಾಯವಾದೀತು. ಆತ ಶಿವಭಕ್ತ, ಕವಿ, ಪಂಡಿತರ ಪೋಷಕ. ‘ಸಂಗೀತ ಗಂಗಾಧರ’ ಎಂಬ ಸಂಸ್ಕೃತ ಕೃತಿ ಅವನ ಹೆಸರಿನಲ್ಲಿದೆ, ‘ಕಕುದ್ಗಿರಿ ಮಾಹಾತ್ಮ್ಯ’ ಮೊದಲಾದ ಕನ್ನಡ ಗ್ರಂಥಗಳಿವೆ. ಅವನ ಆಶ್ರಯದಲ್ಲಿದ್ದ ನೃಸಿಂಹ ಕವಿ ‘ನಂಜರಾಜಯಶೋಭೂಷಣ’ ಎಂಬ ಅಲಂಕಾರಗ್ರಂಥ ಬರೆದ. ಆ ಪುಸ್ತಕದ ಬಗೆಯೇ ಒಂದು ಸಾಕ್ಷ್ಯ. ವಾರಂಗಲ್ಲಿನ ಕಾಕತೀಯ ಅರಸನನ್ನು ನಾಯಕನನ್ನಾಗಿಟ್ಟು ವಿದ್ಯಾನಾಥ ಬರೆದ ‘ಪ್ರತಾಪರುದ್ರೀಯ’ದ ಮಾದರಿ ಅದು, ಲಕ್ಷಣಕ್ಕೊಂದು ಉದಾಹರಣೆ ಬೇಕಾದಾಗಲೆಲ್ಲ ನಾಯಕನ ಸ್ತುತಿ. ಆದರೆ ಪ್ರತಾಪರುದ್ರ ಪಟ್ಟಾಭಿಷಿಕ್ತ ದೊರೆ. ಇಲ್ಲಿ ಸ್ತುತಿ ಸಲ್ಲುತ್ತಿರುವುದು ದೊರೆಗಲ್ಲ, ದೊರೆಯ ಸರ್ವಾಧಿಕಾರಿಗೆ. ದೊರೆ ಜೀವಂತವಾಗಿ ಶ್ರೀರಂಗಪಟ್ಟಣದ ಅರಮನೆಯಲ್ಲೇ ಇದ್ದರು. ಕವಿಗೆ ಆಶ್ರಯ ಬೇಕು, ಅವನನ್ನು ನಾನು ದೂರುವುದಿಲ್ಲ. ಆದರೆ ರಾಜ್ಯದಲ್ಲಿ ಅಧಿಕಾರ ಎಲ್ಲಿಗೆ ಸರಿದಿದೆ ಎಂಬುದು ಎಷ್ಟೋ ಸಲ ಕಾವ್ಯದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ.

ನಂಜರಾಜಯ್ಯನ ಕಣ್ಣು ತಿರುಚಿನಾಪಳ್ಳಿಯ ಮೇಲೆ ಬಿತ್ತು. ಆರ್ಕಾಟಿನ ಮಹಮ್ಮದ್ ಅಲಿ ಸಹಾಯಕ್ಕೆ ಬದಲಾಗಿ ಆ ಕೋಟೆಯನ್ನು ಬಿಟ್ಟುಕೊಡುವ ಮಾತು ಕೊಟ್ಟಿದ್ದ; ಕೆಲಸವಾದ ಮೇಲೆ ತಪ್ಪಿದ. 1752ರಿಂದ ಮೂರು ವರ್ಷ ಮೈಸೂರಿನ ಸೈನ್ಯ ಅಲ್ಲಿ ಬೀಡುಬಿಟ್ಟು, ಖಜಾನೆ ಬರಿದಾಗಿ, ಬರಿಗೈಯಲ್ಲಿ ಹಿಂದಿರುಗಿತು. ಅಷ್ಟರಲ್ಲಿ ಹೈದರಾಬಾದಿನ ಸಲಾಬತ್ ಜಂಗ್ ಫ್ರೆಂಚ್ ಸೇನಾನಿ ಬುಸಿಯೊಂದಿಗೆ ಬಂದು ಶ್ರೀರಂಗಪಟ್ಟಣದ ಮುಂದೆ ನಿಂತ. ಅವನಿಗೆ ಒಪ್ಪಿಕೊಂಡ 56 ಲಕ್ಷ ರೂಪಾಯಿ ಹೊಂದಿಸಲು ದೇವಾಲಯಗಳ ಬೆಳ್ಳಿಬಂಗಾರವನ್ನೂ ಅರಮನೆಯ ಒಡವೆಯನ್ನೂ ತೆಗೆಯಬೇಕಾಯಿತು ಎಂದು ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬರೆದಿದ್ದಾನೆ. ಹಾಗೆ ಮಾಡಿದರೂ ಪೂರ್ತಿ ಹಣ ಕೂಡಲಿಲ್ಲ. ಯುದ್ಧಕ್ಕೆ ಹೋಗುವಾಗ ಅರಸನನ್ನು ಕೇಳಿದವರಿಲ್ಲ, ಸಾಲ ತೀರಿಸುವಾಗ ಮಾತ್ರ ಅರಸನ ಮನೆ ನೆನಪಾಯಿತು.

ಇದರ ಮರುವರ್ಷ, 1756ರಲ್ಲಿ ನಡೆದ ಘಟನೆ ನನ್ನ ಮಟ್ಟಿಗೆ ಈ ಪದದ ಚರಿತ್ರೆಯಲ್ಲೇ ಅತ್ಯಂತ ಕರಾಳವಾದದ್ದು. ಅಷ್ಟೊತ್ತಿಗೆ ಪ್ರಾಯಕ್ಕೆ ಬಂದಿದ್ದ ಕೃಷ್ಣರಾಜರು ಆಪ್ತರೊಂದಿಗೆ ಸೇರಿ ಅಣ್ಣತಮ್ಮಂದಿರ ಹಿಡಿತದಿಂದ ಪಾರಾಗುವ ಯೋಚನೆ ಮಾಡಿದ್ದರು. ಸುದ್ದಿ ತಿಳಿದ ನಂಜರಾಜಯ್ಯ ಅರಮನೆಯ ಬಾಗಿಲಿಗೇ ಫಿರಂಗಿ ಹಾರಿಸಿ ಒಳನುಗ್ಗಿದ. ಅರಸನನ್ನು ಸಿಂಹಾಸನದ ಮೇಲೆ ಕೂರಿಸಿ, ಅವನ ಕಣ್ಣೆದುರಿಗೇ ಅವನ ಕಡೆಯವರ ಕಿವಿ ಮೂಗು ಕೊಯ್ಯಿಸಿದ ಎಂದು ವಿಲ್ಕ್ಸ್ ದಾಖಲಿಸುತ್ತಾನೆ. ಆ ಅರಸ ನಂಜರಾಜಯ್ಯ ತನ್ನ ಮಗಳನ್ನೇ ಕೊಟ್ಟಿದ್ದ ಅಳಿಯ. ಅಣ್ಣ ದೇವರಾಜಯ್ಯನೇ ಇದನ್ನು ಸಹಿಸಲಾಗದೆ ಸತ್ಯಮಂಗಲಕ್ಕೆ ಹೊರಟುಹೋದ. ಸಿಂಹಾಸನ ಬಿಡಿಸಿಕೊಳ್ಳುವುದಕ್ಕಿಂತ ಅರಸನನ್ನು ಅದರ ಮೇಲೇ ಕೂರಿಸಿ ಈ ಕೆಲಸ ಮಾಡಿಸಿದ್ದು ಹೆಚ್ಚಿನ ಕ್ರೌರ್ಯ. ಲೆಕ್ಕ ಕೇಳಬೇಕಾದವನನ್ನೇ ಪ್ರೇಕ್ಷಕನನ್ನಾಗಿ ಮಾಡಿದ ದಿನ ಹುಳ್ಳನ ಕಾಲದ ಸರ್ವಾಧಿಕಾರ ಸತ್ತುಹೋಯಿತು.

ಸಂಬಳ ಸಿಗದೆ ದಂಗೆಯೆದ್ದ ಸೈನಿಕರನ್ನು ಸಮಾಧಾನಪಡಿಸುತ್ತ, ಇಬ್ಬರು ಸೋದರರ ನಡುವೆ ಸಂಧಾನ ಮಾಡಿಸುತ್ತ ಮೇಲೆ ಬಂದವನು ಹೈದರ್ ಅಲಿ. 1759ರಲ್ಲಿ ನಂಜರಾಜಯ್ಯನನ್ನು ಬದಿಗೆ ಸರಿಸಿದ. 1761ರಲ್ಲಿ, ಹಿಂದೆ ತನ್ನ ಆಪ್ತನೇ ಆಗಿದ್ದ ಖಂಡೇರಾಯನ ಒಳಸಂಚನ್ನು ಮುರಿದು ರಾಜ್ಯದ ಒಡೆತನವನ್ನೇ ಹಿಡಿದ. ಆ ವರ್ಷ ಹೈದರ್ ಮೈಸೂರಿನ ಸರ್ವಾಧಿಕಾರಿಯಾದ ಎಂದು ಇತಿಹಾಸದ ಪುಸ್ತಕಗಳಲ್ಲಿ ಓದುತ್ತೇವೆ. ಇಂದಿನ ವಿದ್ಯಾರ್ಥಿ ಅದನ್ನು ‘ಡಿಕ್ಟೇಟರ್’ ಎಂದೇ ತಿಳಿಯುತ್ತಾನೆ. ಅದು ಹುದ್ದೆಯ ಹೆಸರು ಎಂದು ಮೇಷ್ಟರು ಬಿಡಿಸಿ ಹೇಳದಿದ್ದರೆ ಅವನಿಗೆ ಗೊತ್ತಾಗುವ ದಾರಿಯಿಲ್ಲ. ಆದರೆ ಹಾಗೆ ತಿಳಿದ ವಿದ್ಯಾರ್ಥಿ ಪೂರಾ ತಪ್ಪಿದ್ದಾನೆ ಎನ್ನುವಂತೆಯೂ ಇಲ್ಲ. ಹೈದರ್ ಹಳೆಯ ಹುದ್ದೆಯ ಹೆಸರಿನಲ್ಲೇ ಹೊಸ ಬಗೆಯ ಅಧಿಕಾರ ನಡೆಸಿದ. ದಸರೆಯಲ್ಲಿ ಒಡೆಯರನ್ನು ಪ್ರಜೆಗಳಿಗೆ ತೋರಿಸಲಾಗುತ್ತಿತ್ತು. ಉಳಿದ ದಿನ ಅವರು ಅರಮನೆಯೊಳಗೆ ಸೆರೆ. 1766ರಲ್ಲಿ ಕೃಷ್ಣರಾಜರು ತೀರಿಕೊಂಡರು. ಅವರ ಮಗ ನಂಜರಾಜ ಒಡೆಯರು 1770ರಲ್ಲಿ ಕೊಲೆಯಾದರು. ತನ್ನ ಪದವಿಯನ್ನು ಹೈದರನಿಗೆ ಕಳೆದುಕೊಂಡ ಕರಾಚೂರಿ ನಂಜರಾಜಯ್ಯ 1773ರಲ್ಲಿ ಅದೇ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿ ಸತ್ತ. 1796ರಲ್ಲಿ ಆಗಿನ ಒಡೆಯರಾದ ಖಾಸಾ ಚಾಮರಾಜರು ತೀರಿಕೊಂಡಾಗ ಹೈದರನ ಮಗ ಟಿಪ್ಪು ಅವರ ಜಾಗಕ್ಕೆ ಯಾರನ್ನೂ ಕೂರಿಸುವ ಗೋಜಿಗೆ ಹೋಗಲಿಲ್ಲ. ಹೈದರ್ ಸಮರ್ಥನಾಗಿದ್ದ, ಬ್ರಿಟಿಷರನ್ನು ನಡುಗಿಸಿದ ಸೇನಾನಿಯಾಗಿದ್ದ ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಆ ನಲವತ್ತು ವರ್ಷಗಳಲ್ಲಿ ಸರ್ವಾಧಿಕಾರ ಎಂಬ ಹುದ್ದೆಯನ್ನು ಕೊಡುವವರೂ ಇಲ್ಲ, ಕಿತ್ತುಕೊಳ್ಳುವವರೂ ಇಲ್ಲ ಎಂಬಂತಾಯಿತು.

1799ರಲ್ಲಿ ಟಿಪ್ಪು ಸತ್ತ ನಂತರ ಪೂರ್ಣಯ್ಯ ದಿವಾನರಾದರು. ಮುಂದಿನ ಒಂದೂವರೆ ಶತಮಾನ ಮೈಸೂರಿನಲ್ಲಿ ದಿವಾನ್ ಎಂಬ ಮಾತೇ ನಡೆಯಿತು. ಸರ್ವಾಧಿಕಾರಿ ಎಂಬ ಹುದ್ದೆ ಕಾಗದಪತ್ರಗಳಿಂದ ಮರೆಯಾಯಿತು. ತಿರುವಾಂಕೂರಿನಲ್ಲಿ ಸರ್ವಾಧಿಕಾರ್ಯಕ್ಕಾರ್ ಎಂಬ ಹೆಸರಿನಲ್ಲಿ ಆಡಳಿತದ ಪದವಿಯಾಗಿ ಬಾಳಿತು. ಬಂಗಾಳದಲ್ಲಿ ಅದು ಮನೆತನದ ಹೆಸರೇ ಆಯಿತು: ಭಾರತದ ಫುಟ್‌ಬಾಲ್‌ಗೆ ಬುನಾದಿ ಹಾಕಿದವರೆಂದು ಹೆಸರಾದ ನಗೇಂದ್ರ ಪ್ರಸಾದ್ ಸರ್ಬಾಧಿಕಾರಿಯವರನ್ನು ಅಲ್ಲಿ ಯಾರೂ ಅನುಮಾನದಿಂದ ನೋಡುವುದಿಲ್ಲ. ಮೋನಿಯರ್ ವಿಲಿಯಮ್ಸನ ಸಂಸ್ಕೃತ ನಿಘಂಟಿನಲ್ಲಿ ಈಗಲೂ ಇದಕ್ಕೆ ಮೇಲ್ವಿಚಾರಕ ಎಂಬ ಸಾಧು ಅರ್ಥವೇ ಇದೆ.

ಹುದ್ದೆ ಹೋಗಿ ಹೆಸರು ಖಾಲಿ ಉಳಿದಿದ್ದಾಗಲೇ ಪತ್ರಿಕೆಗಳು ಬಂದವು, ಯುರೋಪಿನ ಸುದ್ದಿ ಬಂತು, ‘ಡಿಕ್ಟೇಟರ್’ ಎಂಬುದಕ್ಕೆ ದೇಶಭಾಷೆಗಳಲ್ಲಿ ಒಂದು ಪದ ಬೇಕಾಯಿತು. ಕನ್ನಡವೂ ತಮಿಳೂ ಈ ಹಳೆಯ ಬಿರುದನ್ನೇ ಎತ್ತಿಕೊಂಡವು. ಗಮನಿಸಬೇಕಾದ ಸಂಗತಿಯೆಂದರೆ, ಆ ರೋಮನ್ ಪದವೂ ಮೊದಲಿಗೆ ಗೌರವದ್ದೇ ಆಗಿತ್ತು. ರೋಮ್ ಗಣರಾಜ್ಯದಲ್ಲಿ ಅಪಾಯ ಬಂದಾಗ ಕಾನ್ಸಲ್ ಒಬ್ಬ ಡಿಕ್ಟೇಟರನನ್ನು ಹೆಸರಿಸುತ್ತಿದ್ದ. ಅವನ ಅವಧಿ ಹೆಚ್ಚೆಂದರೆ ಆರು ತಿಂಗಳು. ಕ್ರಿ.ಪೂ. 458ರಲ್ಲಿ ಹೊಲ ಉಳುತ್ತಿದ್ದ ಸಿನ್ಸಿನ್ನಾಟಸ್‌ನನ್ನು ಕರೆದು ಪದವಿ ಕೊಟ್ಟರು, ಅವನು ಶತ್ರುವನ್ನು ಗೆದ್ದು ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟು ಹೊಲಕ್ಕೆ ಮರಳಿದ ಎಂದು ರೋಮನ್ನರು ಹೇಳಿಕೊಳ್ಳುತ್ತಿದ್ದರು. ಕ್ರಿ.ಪೂ. 82ರಲ್ಲಿ ಸುಲ್ಲಾ ಆ ಅವಧಿಯ ಕಟ್ಟನ್ನು ಕಿತ್ತುಹಾಕಿದ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಆಜೀವ ಡಿಕ್ಟೇಟರ್ ಆದ. ಮಾರ್ಚ್ 15ರಂದು ಸೆನೆಟ್ಟಿನ ಸಭೆಯಲ್ಲೇ ಅವನನ್ನು ಇರಿದು ಕೊಂದರು. ಅದೇ ವರ್ಷ ಮಾರ್ಕ್ ಆಂಟನಿ ಆ ಪದವಿಯನ್ನೇ ಕಾನೂನಿನಿಂದ ರದ್ದು ಮಾಡಿದ. ಮುಂದೆ ಅಗಸ್ಟಸ್‌ಗೆ ಜನರೇ ಡಿಕ್ಟೇಟರ್ ಪದವಿ ಕೊಡಹೋದಾಗ ಅವನು ಬೇಡವೆಂದ. ಹೆಸರು ಬೇಡವೆಂದು, ಅಧಿಕಾರವನ್ನು ಪೂರ್ತಿಯಾಗಿ ಇಟ್ಟುಕೊಂಡ. ಕೆಟ್ಟ ಹೆಸರಿನ ಹುದ್ದೆಗಿಂತ ಒಳ್ಳೆಯ ಹೆಸರಿನ ಹುದ್ದೆಯಲ್ಲಿ ಕುಳಿತವರನ್ನು ಹೆಚ್ಚು ಎಚ್ಚರದಿಂದ ನೋಡಬೇಕು ಎನ್ನುವುದಕ್ಕೆ ಅವನಿಗಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ.

ಮೂವತ್ತರ ದಶಕದಲ್ಲಿ ಈ ಪದ ಒಂದೇ ಹೊತ್ತಿಗೆ ಎರಡು ವಿರುದ್ಧ ದಿಕ್ಕಿಗೆ ನಡೆಯಿತು. ಅತ್ತ ಮುಸೊಲಿನಿ, ಹಿಟ್ಲರ್. ಇತ್ತ ನಮ್ಮ ಸತ್ಯಾಗ್ರಹಿಗಳು. ಕಾನೂನುಭಂಗ ಚಳವಳಿಯಲ್ಲಿ ಸಮಿತಿಗಳನ್ನೇ ಸರ್ಕಾರ ನಿಷೇಧಿಸಿದಾಗ ಕಾಂಗ್ರೆಸ್ ಪ್ರಾಂತಪ್ರಾಂತದಲ್ಲಿ ಒಬ್ಬೊಬ್ಬ ‘ಡಿಕ್ಟೇಟರ್’ನನ್ನು ನೇಮಿಸುತ್ತಿತ್ತು. ಅವರು ಜೈಲಿಗೆ ಹೋದರೆ ಮುಂದಿನವರು. 1939ರಲ್ಲಿ ನಿಜಾಮನ ಆಳ್ವಿಕೆಯಲ್ಲಿ ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ಆರ್ಯಸಮಾಜ ಸತ್ಯಾಗ್ರಹ ಹೂಡಿದಾಗ ಅದರ ನಾಯಕರಿಗೆ ಇಟ್ಟ ಹೆಸರು ‘ಸರ್ವಾಧಿಕಾರಿ’ ಎಂದೇ. ಮೊದಲ ಸರ್ವಾಧಿಕಾರಿ ಮಹಾತ್ಮ ನಾರಾಯಣ ಸ್ವಾಮಿ ನಮ್ಮ ಕಲಬುರಗಿಯಲ್ಲೇ ಬಂಧಿತರಾದರು. ಒಬ್ಬರ ಹಿಂದೊಬ್ಬರು ತಂಡ ಕಟ್ಟಿಕೊಂಡು ಸೆರೆಗೆ ನಡೆದರು. ಎಂಟನೆಯವರಾಗಿ ನೇಮಕಗೊಂಡವರು ಹೈದರಾಬಾದಿನ ವಕೀಲ ವಿನಾಯಕರಾವ್ ವಿದ್ಯಾಲಂಕಾರ್. ಅವರ ಸರದಿ ಬರುವ ಮೊದಲೇ ಆಗಸ್ಟಿನಲ್ಲಿ ಚಳವಳಿ ನಿಂತಿತು. ಈ ಸರ್ವಾಧಿಕಾರಿಗಳಿಗಿದ್ದ ಏಕೈಕ ಸವಲತ್ತು ಎಲ್ಲರಿಗಿಂತ ಮುಂಚೆ ಜೈಲಿಗೆ ಹೋಗುವುದು. ಪದದ ಹಳೆಯ ಮರ್ಯಾದೆ ಕೊನೆಯ ಬಾರಿಗೆ ಉಳಿದದ್ದು ಅಲ್ಲಿ ಎನ್ನಬಹುದು. ಮಹಾಯುದ್ಧ ಮುಗಿಯುವ ಹೊತ್ತಿಗೆ ಇನ್ನೊಂದು ಅರ್ಥವೇ ಗೆದ್ದಿತ್ತು. 1951ರಲ್ಲಿ ಎಂ.ಜಿ.ಆರ್. ನಟಿಸಿದ ತಮಿಳು ಚಿತ್ರ ‘ಸರ್ವಾಧಿಕಾರಿ’ ಬಂದಾಗ ಆ ಹೆಸರನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಲ್ಲಿ ನೆರೆಯ ಭಾಷೆಯ ಒಂದು ಪದದ ದುರ್ದೈವವನ್ನೂ ಹೇಳಲೇಬೇಕು. ಹಿಂದಿಯಲ್ಲಿ ಸರ್ವಾಧಿಕಾರಿಗೆ ‘ತಾನಾಶಾಹ್’ ಎನ್ನುತ್ತಾರೆ. ಅದು ಗೋಲ್ಕೊಂಡದ ಕೊನೆಯ ಸುಲ್ತಾನ ಅಬುಲ್ ಹಸನನ ಅಡ್ಡಹೆಸರು. ಅಕ್ಕಣ್ಣ ಮಾದಣ್ಣ ಸೋದರರನ್ನು ಆಡಳಿತದ ನೆತ್ತಿಯಲ್ಲಿ ಕೂರಿಸಿದ, ಪ್ರಜೆಗಳ ಪ್ರೀತಿ ಗಳಿಸಿದ್ದ ದೊರೆ ಅವನು. 1687ರಲ್ಲಿ ಎಂಟು ತಿಂಗಳ ಮುತ್ತಿಗೆಯ ನಂತರ ಔರಂಗಜೇಬ್ ಗೋಲ್ಕೊಂಡವನ್ನು ಗೆದ್ದು ಅವನನ್ನು ದೌಲತಾಬಾದಿನ ಕೋಟೆಯಲ್ಲಿ ಕೂಡಿಹಾಕಿದ. ಸೆರೆಯಲ್ಲೇ ಸತ್ತವನ ಹೆಸರು ಇಂದು ದಬ್ಬಾಳಿಕೆಗೆ ಹೆಸರಾಗಿದೆ, ಸೆರೆಗೆ ಹಾಕಿದವನ ಹೆಸರಲ್ಲ. ಕನ್ನಡದ ಪದಕ್ಕೆ ಆದದ್ದು ಹಾಗಲ್ಲ. ನಮ್ಮ ಪದ ಕೆಟ್ಟದ್ದಕ್ಕೆ ನಮ್ಮ ನೆಲದಲ್ಲೇ ಕಾರಣವಿತ್ತು.

ಆ ಕಾರಣ ಇನ್ನೊಮ್ಮೆ ಎದ್ದದ್ದು 1975ರ ಜೂನ್ 25ರ ರಾತ್ರಿ. ತುರ್ತು ಪರಿಸ್ಥಿತಿ ಘೋಷಣೆಯಾದ ಮರುದಿನ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇಲ್ಲೇ ಬಂಧಿತರಾದರು. ಇಂದು ಫ್ರೀಡಂ ಪಾರ್ಕ್ ಆಗಿರುವ ಜಾಗ ಅಂದಿನ ಕೇಂದ್ರ ಕಾರಾಗೃಹ. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಿಂದ ಅಲ್ಲಿಟ್ಟಿದ್ದರು. ಉಬ್ಬಸದಿಂದ ನರಳುತ್ತಿದ್ದ ಅವರನ್ನು 1977ರ ಜನವರಿಯಲ್ಲಿ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಸರ್ವಾಧಿಕಾರ ಎಂಬ ಪದ ಪುಸ್ತಕದಿಂದ ಇಳಿದು ಕನ್ನಡದ ಬೀದಿಗಳ ಘೋಷಣೆಯಾದದ್ದು ಆ 21 ತಿಂಗಳಲ್ಲಿ. ಆಗ ನಡೆದದ್ದೆಲ್ಲ ಸಂವಿಧಾನದ 352ನೇ ವಿಧಿಯ ಹೆಸರಿನಲ್ಲೇ ನಡೆಯಿತು. ಹುದ್ದೆಯೂ ಇತ್ತು, ಕಾಯಿದೆಯೂ ಇತ್ತು. ಪತ್ರಿಕೆ ಕೇಳುವಂತಿರಲಿಲ್ಲ, ಸೆರೆಯಾಳಿನ ಪರವಾಗಿ ನ್ಯಾಯಾಲಯವೂ ಕೇಳಲಿಲ್ಲ.

ಇಂಥದ್ದು ಬರಬಹುದೆಂದು ಮೊದಲೇ ಎಚ್ಚರಿಸಿದವರಿದ್ದರು. 1937ರಲ್ಲಿ ಜವಾಹರಲಾಲ್ ನೆಹರೂ ‘ಚಾಣಕ್ಯ’ ಎಂಬ ಹೆಸರಿನಲ್ಲಿ ಕಲ್ಕತ್ತೆಯ ‘ಮಾಡರ್ನ್ ರಿವ್ಯೂ’ಗೆ ಲೇಖನ ಬರೆದು, ಜನಪ್ರಿಯತೆಯ ಅಮಲಿನಲ್ಲಿ ಜವಾಹರಲಾಲನೇ ಒಬ್ಬ ಸೀಸರ್ ಆಗಬಹುದು ಎಂದು ತಮ್ಮ ಮೇಲೆ ತಾವೇ ಅನುಮಾನ ತೋಡಿಕೊಂಡಿದ್ದರು. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದು ಇನ್ನೂ ನೇರ: ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರದತ್ತ ಒಯ್ಯುವ ದಾರಿ. ತುರ್ತು ಪರಿಸ್ಥಿತಿಯ ಅನುಭವದ ನಂತರ 1978ರ 44ನೇ ತಿದ್ದುಪಡಿ ‘ಆಂತರಿಕ ಗಲಭೆ’ ಎಂಬ ಸಡಿಲ ಕಾರಣವನ್ನು ತೆಗೆದು ‘ಸಶಸ್ತ್ರ ದಂಗೆ’ ಎಂದು ಬಿಗಿಮಾಡಿತು. ಘೋಷಣೆಗೆ ತಿಂಗಳೊಳಗೆ ಸಂಸತ್ತಿನ ವಿಶೇಷ ಬಹುಮತದ ಒಪ್ಪಿಗೆ ಬೇಕೆಂದಿತು. ಆರಾರು ತಿಂಗಳಿಗೊಮ್ಮೆ ಮತ್ತೆ ಒಪ್ಪಿಗೆ ಪಡೆಯಬೇಕೆಂದಿತು. ಅಧಿಕಾರಕ್ಕೆ ಪಾಣಿನಿ ಕೊಟ್ಟಿದ್ದ ಎಲ್ಲೆಯನ್ನು ನಾವು ಕಾಯಿದೆಯಾಗಿ ಮತ್ತೆ ಬರೆದುಕೊಂಡೆವು.

ಈಗ ಈ ಪದವನ್ನು ನಾವು ತೀರಾ ಅಗ್ಗ ಮಾಡಿಕೊಂಡಿದ್ದೇವೆ. ಶಿಸ್ತಿನ ಹೆಡ್‌ಮಾಸ್ತರು ಸರ್ವಾಧಿಕಾರಿ, ಬಿಗಿಯಾದ ಮೇಲಧಿಕಾರಿ ಸರ್ವಾಧಿಕಾರಿ, ಹಾಗೆಯೇ ಪ್ರತಿ ಚುನಾವಣೆಯಲ್ಲಿ ಎದುರು ಪಕ್ಷದವರು. ಕಟ್ಟುನಿಟ್ಟಿನವರಿಗೆ, ಮುಂಗೋಪಿಗಳಿಗೆ ಕನ್ನಡದಲ್ಲಿ ಬೇಕಾದಷ್ಟು ಬೇರೆ ಮಾತುಗಳಿವೆ, ಅವನ್ನು ಬಳಸೋಣ. ಸರ್ವಾಧಿಕಾರಿ ಎಂಬುದನ್ನು ನಿಜವಾಗಿ ಸಲ್ಲುವವರಿಗೆ ಕಾದಿಡಬೇಕು: ಪ್ರಶ್ನೆ ಕೇಳಬೇಕಾದ ಸಭೆ, ನ್ಯಾಯಾಲಯ, ಪತ್ರಿಕೆ, ಮತದಾರ, ಇವರನ್ನು ಪ್ರೇಕ್ಷಕರನ್ನಾಗಿ ಕೂರಿಸಲು ಹೊರಟವರಿಗೆ. ಅಂಥವರು ಯಾವ ಪಕ್ಷದವರಾದರೂ, ನಾವು ಮತ ಹಾಕಿ ಗೆಲ್ಲಿಸಿದವರೇ ಆದರೂ, ಆ ಪದವನ್ನು ಅವರೆದುರು ಅಂಜದೆ ಬಳಸಿ.